ಎರೆಹೊಲಕ್ಕೆ ಹಳೆಯ ಟ್ರ್ಯಾಕ್ಟರು

ಕೃಷ್ಣೆಯ ದಂಡೆಯ ತಂಗಡಗಿಯಿಂದ ಬಸವನ ಬಾಗೇವಾಡಿ, ಸಿಂದಗಿ, ಇಂಡಿಯ ಕಡೆಗೆ ಹೋದಷ್ಟೂ ಎರೆಹೊಲವೇ ಹೆಚ್ಚು. ಈ ಸೀಮೆಯಲ್ಲಿ ಹಳೆಯ ಟ್ರ್ಯಾಕ್ಟರು ಕೊಳ್ಳುವ ಮಾತು ರೇಟಿನಲ್ಲೇ ಶುರುವಾಗಿ ರೇಟಿನಲ್ಲೇ ಮುಗಿಯುತ್ತದೆ. ರೇಟು ಮುಖ್ಯವೇ, ಆದರೆ ಅದು ಒಂದು ದಿನ ಕೊಡುವ ರೊಕ್ಕ, ಉಳಿದದ್ದನ್ನು ವರ್ಷಗಟ್ಟಲೆ ಕೊಡುತ್ತಿರಬೇಕಾಗುತ್ತದೆ. ಇಲ್ಲಿ ಮಾತಾಡುವ ಇಬ್ಬರಲ್ಲಿ ಕಿರಿಯನಿಗೆ ಹನ್ನೆರಡು ಎಕರೆ ಹೊಲವಿದೆ, ಅದರಲ್ಲಿ ನಾಲ್ಕು ಎಕರೆ ನೀರಾವರಿ. ಹಿರಿಯರು ಎಂಜಿನ್ನನ್ನೂ ಅದರ ಖರ್ಚುವೆಚ್ಚವನ್ನೂ ಬಲ್ಲವರು.

ಕಿರಿಯ: ಕಾಕಾ, ಹೊಸದು ನನ್ನ ಕೈಗೆ ನಿಲುಕುವುದಿಲ್ಲ, ಹಳೆಯದೇ ಆಗಬೇಕು. ಆದರೆ ಡೀಸೆಲ್ ಗಾಡಿಯೇ ಯಾಕಾಗಬೇಕು ಅನ್ನುವುದು ನನ್ನ ಮೊದಲ ಪ್ರಶ್ನೆ. ಅಮೆರಿಕದ ಸಣ್ಣ ರೈತರು ಎಪ್ಪತ್ತು ವರ್ಷದ ಹಿಂದಿನ ಪೆಟ್ರೋಲ್ ಟ್ರ್ಯಾಕ್ಟರುಗಳನ್ನು ಇವತ್ತಿಗೂ ಕೊಳ್ಳುತ್ತಾರಂತೆ. ಬೆಲೆ ಕಡಿಮೆ, ಎಂಜಿನ್ ಸರಳ, ರಿಪೇರಿಗೆ ದೊಡ್ಡ ಕಸಬುಗಾರ ಬೇಕಿಲ್ಲ. ನಮ್ಮಲ್ಲಿ ಡೀಸೆಲ್ ಗಾಡಿಗೆ ಸಿಎನ್‌ಜಿ ಕಿಟ್ ಕೂಡಿಸುವ ಮಾತೂ ಕೇಳಿಬರುತ್ತಿದೆ. ಇವೆರಡನ್ನೂ ಬಿಟ್ಟು ಡೀಸೆಲ್ಲನ್ನೇ ಹಿಡಿಯುವುದು ಬರೀ ರೂಢಿಯೋ, ಅದಕ್ಕೊಂದು ಕಾರಣ ಇದೆಯೋ?

ಹಿರಿಯ: ಕಾರಣ ಇದೆ. ಆದರೆ ಅಮೆರಿಕದವರು ತಪ್ಪು ಮಾಡುತ್ತಿದ್ದಾರೆ ಅಂತ ತಿಳಿಯಬೇಡ. ಫೋರ್ಡ್ 8ಎನ್ ಎಂಬ ಪೆಟ್ರೋಲ್ ಟ್ರ್ಯಾಕ್ಟರು 1947ರಿಂದ 1952ರೊಳಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅಷ್ಟು ಗಾಡಿಗಳಿದ್ದ ಮೇಲೆ ಬಿಡಿಭಾಗ ಸಿಗುತ್ತದೆ, ರಿಪೇರಿ ಬಲ್ಲವರೂ ಸಿಗುತ್ತಾರೆ. ಅಂಥ ಗಾಡಿ ಕೊಳ್ಳುವ ಸಣ್ಣ ಹಿಡುವಳಿದಾರ ಅದರಿಂದ ಹುಲ್ಲು ಕತ್ತರಿಸುತ್ತಾನೆ, ಅಂಗಳದ ಹಿಮ ಸರಿಸುತ್ತಾನೆ. ವರ್ಷಕ್ಕೆ ಓಡುವುದೇ ಕೆಲವು ಗಂಟೆ, ಅದೂ ಹಗುರ ಕೆಲಸ. ಮೇಲಾಗಿ ಅಲ್ಲಿನ ಚಳಿಗೆ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ, ಪೆಟ್ರೋಲ್ ಎಂಜಿನ್ನು ಬೇಗ ಚಾಲೂ ಆಗುತ್ತದೆ. ನಮ್ಮ ಡಿಸೆಂಬರ್ ಚಳಿಗೆ ಡೀಸೆಲ್ ಎಂಜಿನ್ ಹೆದರಬೇಕಾದ್ದಿಲ್ಲ. ಇನ್ನೊಂದು ಮಾತು. ಭಾರತದಲ್ಲಿ ಟ್ರ್ಯಾಕ್ಟರು ಕಾರ್ಖಾನೆಗಳು ಎದ್ದದ್ದೇ ಜಗತ್ತು ಡೀಸೆಲ್ಲಿಗೆ ಹೊರಳಿದ ಕಾಲದಲ್ಲಿ. 1959ರಲ್ಲಿ ಫರೀದಾಬಾದಿನ ಐಷರ್, 1960ರಲ್ಲಿ ಹುಟ್ಟಿದ ಚೆನ್ನೈನ ಟಾಫೆ, 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಕಟ್ಟಿದ ಕಂಪನಿ ಮತ್ತು ಅದರ ಬಿ-275, 1971ರಲ್ಲಿ ಜೆಕೊಸ್ಲೊವಾಕಿಯಾದ ಜೀಟರ್ ಸಹಯೋಗದಲ್ಲಿ ಎಚ್‌ಎಂಟಿ, 1974ರಲ್ಲಿ ಸ್ವರಾಜ್. ನಮ್ಮ ಹೊಲಗಳಿಗೆ ಇವರಿಂದ ಬಂದದ್ದು ಡೀಸೆಲ್ ಗಾಡಿಯೇ. ಹೀಗಾಗಿ ಇಲ್ಲಿ ಹಳೆಯ ಪೆಟ್ರೋಲ್ ಟ್ರ್ಯಾಕ್ಟರಿನ ಪೇಟೆಯೇ ಇಲ್ಲ. ಎಲ್ಲೋ ಒಂದು ಸಿಕ್ಕರೂ ಅದಕ್ಕೆ ಬೇಕಾದ ಸಾಮಾನು ಮುದ್ದೇಬಿಹಾಳದಲ್ಲೂ ಸಿಗದು, ವಿಜಯಪುರದಲ್ಲೂ ಸಿಗದು.

ಕಿರಿಯ: ಪೇಟೆ ಇಲ್ಲ ಎನ್ನುವುದು ವ್ಯವಹಾರದ ಮಾತಾಯಿತು. ಎಂಜಿನ್ನಿನ ಮಾತೇನು? ಪೆಟ್ರೋಲ್ ಗಾಡಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ, ಒಂದು ಲಕ್ಷ ಅಗ್ಗಕ್ಕೆ. ಆಗಲೂ ಬೇಡ ಅನ್ನುತ್ತೀರಾ?

ಹಿರಿಯ: ಬೇಡವೇ ಅನ್ನುತ್ತೇನೆ, ಯಾಕೆ ಅಂತ ಲೆಕ್ಕ ಹಾಕೋಣ. ಅಮೆರಿಕದ ನೆಬ್ರಾಸ್ಕಾದಲ್ಲಿ ಟ್ರ್ಯಾಕ್ಟರು ಮಾರುವ ಮೊದಲು ಪರೀಕ್ಷೆ ಆಗಲೇಬೇಕೆಂದು 1919ರಲ್ಲಿ ಕಾಯಿದೆ ಮಾಡಿದರು, ಮರುವರ್ಷದಿಂದ ಪರೀಕ್ಷೆ ಶುರುವಾಯಿತು. ಅಂಥ ಪರೀಕ್ಷೆಗಳ ಆಧಾರದ ಮೇಲೆ ಅಲ್ಲಿನ ಕೃಷಿ ಎಂಜಿನಿಯರರು ಒಂದು ಸರಾಸರಿ ಹಿಡಿದಿದ್ದಾರೆ. ಪಿಟಿಒದಲ್ಲಿ, ಅಂದರೆ ಯಂತ್ರ ತಿರುಗಿಸುವ ಹಿಂದಿನ ಶಾಫ್ಟಿನಲ್ಲಿ, ಸಿಗುವ ಒಂದೊಂದು ಎಚ್‌ಪಿಗೆ ಗಂಟೆಗೆ 0.06 ಗ್ಯಾಲನ್ ಪೆಟ್ರೋಲ್ ಬೇಕು, ಡೀಸೆಲ್ ಆದರೆ ಅದರ ಶೇ. 73ರಷ್ಟು ಸಾಕು. 35 ಎಚ್‌ಪಿ ಎಂದು ಮಾರುವ ಗಾಡಿಯ ಪಿಟಿಒದಲ್ಲಿ 30 ಎಚ್‌ಪಿ ಸಿಗುತ್ತದೆ ಅಂತ ಹಿಡಿ. ಲೀಟರಿಗೆ ತಂದರೆ ಡೀಸೆಲ್ ಗಂಟೆಗೆ 5 ಲೀಟರ್, ಪೆಟ್ರೋಲ್ 6.8 ಲೀಟರ್. ಡೀಸೆಲ್ 90 ರೂಪಾಯಿ, ಪೆಟ್ರೋಲ್ 103 ರೂಪಾಯಿ ಎಂದರೆ ಗಂಟೆಗೆ 450 ಒಂದು ಕಡೆ, 700 ಇನ್ನೊಂದು ಕಡೆ. ಇನ್ನೂರೈವತ್ತು ರೂಪಾಯಿಯ ಅಂತರ. ನಾನ್ನೂರು ಗಂಟೆ ದುಡಿದರೆ ನೀನು ಉಳಿಸಿದ ಆ ಲಕ್ಷ ಪೂರ್ತಿ ಪೆಟ್ರೋಲ್ ಬಂಕಿಗೆ ಹೋಯಿತು. ಅಲ್ಲಿಂದ ಮುಂದಿನ ಗಂಟೆಗಂಟೆಯೂ ನಷ್ಟ. ಇದು ಯಾಕೆ ಹೀಗೆ ಅಂದರೆ, ಡೀಸೆಲ್ ಎಂಜಿನ್ನು ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿ, ಆ ಕಾವಿನಲ್ಲೇ ಎಣ್ಣೆಯನ್ನು ಉರಿಸುತ್ತದೆ. ಹಳೆಯ ಪೆಟ್ರೋಲ್ ಎಂಜಿನ್ನು ಅದರ ಅರ್ಧದಷ್ಟೂ ಒತ್ತುವುದಿಲ್ಲ. ಒತ್ತಡ ಹೆಚ್ಚಿದಷ್ಟೂ ಅದೇ ಕಾವಿನಿಂದ ಹೆಚ್ಚು ಕೆಲಸ ಹೊರಡುತ್ತದೆ. ಅರ್ಧ ಭಾರದ ಕೆಲಸದಲ್ಲಿ ಪೆಟ್ರೋಲ್ ಎಂಜಿನ್ನು ಒಳಬರುವ ಗಾಳಿಯ ಬಾಯಿ ಕಟ್ಟಿಕೊಂಡು ಏದುತ್ತದೆ. ಡೀಸೆಲ್ಲಿಗೆ ಗಾಳಿ ಯಾವಾಗಲೂ ಧಾರಾಳ, ಎಣ್ಣೆಯಷ್ಟೇ ಹೆಚ್ಚುಕಡಿಮೆ ಆಗುತ್ತದೆ. ಲೀಟರಿನೊಳಗಿನ ಶಕ್ತಿಯೂ ಡೀಸೆಲ್ಲಿನಲ್ಲಿ ತುಸು ಹೆಚ್ಚು.

ಕಿರಿಯ: ಲೆಕ್ಕ ಒಪ್ಪಿದೆ, ಆದರೆ ಅದರೊಳಗೇ ಒಂದು ಬಿರುಕು ಕಾಣುತ್ತಿದೆ. ನಾನ್ನೂರು ಗಂಟೆ ನನ್ನ ಹೊಲದಲ್ಲಿ ಎಲ್ಲಿದೆ? ರಂಟಿ, ಎರಡು ಸಲ ಕುಂಟಿ, ಬಿತ್ತಿಗೆ, ಸಾಗಾಟ ಎಲ್ಲ ಸೇರಿ ಎಕರೆಗೆ ಆರು ಗಂಟೆ ಅಂದರೂ ಹನ್ನೆರಡು ಎಕರೆಗೆ ಎಪ್ಪತ್ತೆರಡು ಗಂಟೆ. ಕಡಿಮೆ ಓಡುವವನಿಗೆ ಎಣ್ಣೆಯ ಖರ್ಚು ಕಡಿಮೆ, ಹಾಕಿದ ಬಂಡವಾಳದ ಭಾರವೇ ಹೆಚ್ಚು. ಹಾಗಾದರೆ ಅಮೆರಿಕದ ಆ ಸಣ್ಣ ರೈತನ ಲೆಕ್ಕವೇ ನನಗೂ ಹೊಂದಬೇಕಲ್ಲ?

ಹಿರಿಯ: ನೀನು ಕೇಳಿದ್ದು ಸರಿಯಾದ ಪ್ರಶ್ನೆ, ಬಹಳ ಜನ ಇದನ್ನು ಕೇಳದೆಯೇ ರೊಕ್ಕ ಕಟ್ಟುತ್ತಾರೆ. ಬಂಡವಾಳದ ಮಾತು ಪೂರ್ತಿ ನಿಜ. ಅದಕ್ಕೇ ನಿನಗೆ ಹೊಸದು ಬೇಡ, ಹಳೆಯದು ಸಾಕು ಅನ್ನುವುದು. ಆದರೆ ನಿನ್ನ ಗಂಟೆಗಳು ಕಡಿಮೆಯಾದರೂ ಹಗುರವಾದವಲ್ಲ. ಎರೆಮಣ್ಣು ಒಣಗಿದರೆ ಬಿರುಕು ಬಿಟ್ಟು ಕಲ್ಲಾಗುತ್ತದೆ, ನೆನೆದರೆ ಉಬ್ಬಿ ಅಂಟುತ್ತದೆ. ಇವೆರಡರ ನಡುವೆ ಹದ ಇರುವುದು ಕೆಲವೇ ದಿನ. ಆ ದಿನಗಳಲ್ಲಿ ಪಲ್ಟಿ ನೇಗಿಲು ಆಳಕ್ಕೆ ಇಳಿದಾಗ ಎಂಜಿನ್ನು ಇಳಿದ ಸುತ್ತಿನಲ್ಲೂ ಜಗ್ಗಬೇಕು. ಆ ಜಗ್ಗುವ ಗುಣ ಡೀಸೆಲ್ಲಿನದು. ಇನ್ನು ಗಾಡಿ ವರ್ಷದ ಹೆಚ್ಚು ದಿನ ನಿಂತೇ ಇರುವುದು ಪೆಟ್ರೋಲಿಗೆ ಇನ್ನೂ ಕೆಟ್ಟದ್ದು. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇರುತ್ತದೆ. ಅದರಲ್ಲಿ ನಮ್ಮ ಜಿಲ್ಲೆಯ ಕಬ್ಬಿನ ಪಾಲೂ ಇರಬಹುದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ಕಾಲದ ರಬ್ಬರ್ ನಳಿಗೆ, ವಾಷರುಗಳನ್ನು ಮೆತ್ತಗೆ ಮಾಡುತ್ತದೆ. ಹಿಂಗಾರಿ ಬಿತ್ತಿಗೆ ಮುಗಿಸಿ ನಿಲ್ಲಿಸಿದ ಗಾಡಿಯ ಟಾಕಿಯಲ್ಲಿ ಅಂಥ ಪೆಟ್ರೋಲು ತಿಂಗಳುಗಟ್ಟಲೆ ಕುಳಿತರೆ ಮುಂದಿನ ಸಲ ಕಾರ್ಬ್ಯುರೇಟರ್ ಬಿಚ್ಚಿಯೇ ಚಾಲೂ ಮಾಡಬೇಕು. ಹದದ ದಿನ ಅದು ಆಗುವ ಮಾತಲ್ಲ. ಪೆಟ್ರೋಲ್ ಎಂಜಿನ್ನು ಕೆಟ್ಟದ್ದು ಅಂತಲ್ಲ. ಔಷಧ ಹೊಡೆಯುವ ಪಂಪಿಗೆ, ಪವರ್ ವೀಡರಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಎರೆ ಜಗ್ಗುವ ಕೆಲಸಕ್ಕೆ ಮಾತ್ರ ಬೇಡ.

ಕಿರಿಯ: ಸಿಎನ್‌ಜಿ? ಅದರಲ್ಲಿ ವರ್ಷಕ್ಕೆ ಲಕ್ಷ ಉಳಿಯುತ್ತದೆ ಅಂತ ಸರಕಾರವೇ ಹೇಳಿತ್ತಲ್ಲ.

ಹಿರಿಯ: ಹೇಳಿತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಡೀಸೆಲ್ಲಿನಿಂದ ಸಿಎನ್‌ಜಿಗೆ ಬದಲಿಸಿದ ಟ್ರ್ಯಾಕ್ಟರನ್ನು ದಿಲ್ಲಿಯಲ್ಲಿ ಬಿಡುಗಡೆ ಮಾಡಿದಾಗಿನ ಮಾತು ಅದು. ಎಣ್ಣೆಯಲ್ಲೇ ಲಕ್ಷ ಉಳಿಯಬೇಕಾದರೆ ಲಕ್ಷಕ್ಕೂ ಎಷ್ಟೋ ಹೆಚ್ಚಿನ ಎಣ್ಣೆ ಸುಡುವ ಗಾಡಿ ಇರಬೇಕು. ನಿನ್ನ ಎಪ್ಪತ್ತೆರಡು ಗಂಟೆಗೆ ಸುಡುವ ಡೀಸೆಲ್ಲೇ ಮೂವತ್ತೆರಡು ಸಾವಿರ ರೂಪಾಯಿಯದು. ಅದರೊಳಗೆ ಲಕ್ಷ ಎಲ್ಲಿಂದ ಉಳಿಯಬೇಕು? ಇದು ದಿನವೂ ಸಾಗಾಟಕ್ಕೆ ಓಡುವ ಗಾಡಿಗೆ ಹೊಂದುವ ಲೆಕ್ಕ. ಜೊತೆಗೆ ಗ್ಯಾಸನ್ನು 200 ಬಾರ್ ಒತ್ತಡದ ಸಿಲಿಂಡರಿನಲ್ಲಿ ತುಂಬಬೇಕು. ಡೀಸೆಲ್ ಖಾಲಿಯಾದರೆ ಯಾರಾದರೂ ಕ್ಯಾನು ಹಿಡಿದು ಬೈಕಿನಲ್ಲಿ ಹೊಲಕ್ಕೆ ತಂದುಕೊಡುತ್ತಾರೆ. ಗ್ಯಾಸ್ ಖಾಲಿಯಾದರೆ ಗಾಡಿಯೇ ಪಂಪಿಗೆ ಹೋಗಬೇಕು. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಆಗಬೇಕು, ಕಿಟ್ ಅನುಮೋದನೆ ಪಡೆದದ್ದಿರಬೇಕು, ಬದಲಾವಣೆ ಆರ್‌ಸಿಯಲ್ಲಿ ನಮೂದಾಗಬೇಕು. ಹಳೆಯ ಎಂಜಿನ್ನಿಗೆ ಇಷ್ಟೆಲ್ಲ ಸುರಿದರೆ ಹಳೆಯದು ಕೊಂಡ ಲಾಭವೇ ಹೋಯಿತು. ಕಬ್ಬಿನ ಕಾರ್ಖಾನೆಯ ಪ್ರೆಸ್‌ಮಡ್ಡಿನಿಂದ ಗ್ಯಾಸ್ ತೆಗೆಯುವುದಕ್ಕೆ 2018ರ ಸತತ್ ಯೋಜನೆಯಿಂದ ಉತ್ತೇಜನ ಸಿಕ್ಕಿದೆ. ಊರೂರಿಗೆ ಅಂಥ ಪಂಪು ಬಂದ ದಿನ ಈ ಮಾತನ್ನು ಮತ್ತೆ ತೂಗಬೇಕು, ಅದನ್ನು ಮನಸಾರೆ ಹೇಳುತ್ತೇನೆ. ಇವತ್ತು ಕೊಳ್ಳುವವನಿಗೆ ಡೀಸೆಲ್ಲೇ.

ಕಿರಿಯ: ಇನ್ನೊಂದು ಆಕ್ಷೇಪ ಇದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಹೊಸ ಗಾಡಿಯೇ ಅಗ್ಗವಾದಾಗ, ಗ್ಯಾರಂಟಿ ಇಲ್ಲದ ಹಳೆಯದಕ್ಕೆ ಕೈ ಹಾಕುವುದು ಜಾಣತನವೇ?

ಹಿರಿಯ: ತೆರಿಗೆ ಇಳಿದದ್ದರಿಂದ ಹಳೆಯ ಗಾಡಿಯ ರೇಟನ್ನು ಕೂಡ ಜಗ್ಗಿ ಕೇಳಲು ನಿನಗೆ ಬಲ ಬಂತು, ಅಷ್ಟು ಖಂಡಿತ. ಟೈರು, ಬಿಡಿಭಾಗಗಳ ಮೇಲಿನ ತೆರಿಗೆಯೂ ಶೇ. 18ರಿಂದ 5ಕ್ಕೆ ಬಂದಿದೆ, ಅದು ಹಳೆಯ ಗಾಡಿಯವನಿಗೇ ಹೆಚ್ಚು ಅನುಕೂಲ. ಉಳಿದಂತೆ ಲೆಕ್ಕ ಬದಲಾಗದು. ಏಳು ಲಕ್ಷದ ಹೊಸ ಗಾಡಿಗೆ ಶೇ. 10ರ ಬಡ್ಡಿ ಎಂದರೆ ಮೊದಲ ವರ್ಷಕ್ಕೆ ಎಪ್ಪತ್ತು ಸಾವಿರ. ನಿನ್ನ ಎಪ್ಪತ್ತೆರಡು ಗಂಟೆಗೆ ಹಂಚಿದರೆ ಗಂಟೆಗೆ ಸಾವಿರದ ಹತ್ತಿರ, ಅದೂ ಡೀಸೆಲ್ ಹಾಕುವ ಮೊದಲೇ. ಬಾಡಿಗೆಗೆ ಹೊಡೆಸಿದರೂ ಇದಕ್ಕಿಂತ ಕಡಿಮೆ ಬೀಳಬಹುದು. ನಮ್ಮ ದೇಶದ ಕೃಷಿ ಎಂಜಿನಿಯರರು ಟ್ರ್ಯಾಕ್ಟರಿನ ಖರ್ಚು ಅಂದಾಜು ಮಾಡುವಾಗ ವರ್ಷಕ್ಕೆ ಸಾವಿರ ಗಂಟೆ ದುಡಿತ ಅಂತ ಹಿಡಿಯುವುದು ರೂಢಿ. ಅದರ ಹತ್ತಿರಕ್ಕೂ ಹೋಗದವನು ಹೊಸದು ಕೊಂಡರೆ ಸಾಲ ತೀರಿಸಲು ಗಾಡಿಯನ್ನು ಬಾಡಿಗೆಗೆ ಅಟ್ಟಬೇಕಾಗುತ್ತದೆ, ಹದದ ದಿನಗಳು ಬೇರೆಯವರ ಹೊಲದಲ್ಲೇ ಕಳೆದು ತನ್ನ ಹೊಲ ಹಿಂದೆ ಬೀಳುತ್ತದೆ. ಎರಡೂವರೆ ಲಕ್ಷದೊಳಗೆ ಹಳೆಯದು ಕೊಂಡವನಿಗೆ ಆ ಒತ್ತಡ ಇಲ್ಲ. ಹಾಗಂತ ಐದು ಎಕರೆಯವನಿಗೆ ಹಳೆಯದನ್ನೂ ಕೊಳ್ಳು ಅಂತ ನಾನು ಹೇಳಲಾರೆ. 2014-15ರಲ್ಲಿ ಶುರುವಾದ, ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿರುವುದು ಅಂಥವರಿಗಾಗಿಯೇ. ಹದದ ದಿನ ಎಲ್ಲರಿಗೂ ಒಟ್ಟಿಗೇ ಗಾಡಿ ಬೇಕಾಗುತ್ತದೆ, ಸರದಿ ಬರುವುದರೊಳಗೆ ತೇವ ಆರುತ್ತದೆ ಎನ್ನುವುದೊಂದೇ ಸ್ವಂತ ಗಾಡಿಯ ಪರವಾದ ಗಟ್ಟಿ ವಾದ. ಅದಕ್ಕೇ ನಿನ್ನ ಹಳೆಯ ಗಾಡಿ ಆ ದಿನ ಕೈಕೊಡಕೂಡದು. ಮಿಕ್ಕೆಲ್ಲ ಆಯ್ಕೆಯೂ ಇದರ ಮೇಲೇ ನಿಲ್ಲಬೇಕು.

ಕಿರಿಯ: ಕೈಕೊಡದ ಗಾಡಿ ಅಂದರೆ ಯಾವ ಕಂಪನಿಯದು?

ಹಿರಿಯ: ಕಂಪನಿಗಿಂತ ಮೊದಲು ಕೇಳಬೇಕಾದ್ದು, ಅದರ ಸಾಮಾನು ಮುದ್ದೇಬಿಹಾಳ ಇಲ್ಲವೇ ತಾಳಿಕೋಟೆಯಲ್ಲಿ ಅದೇ ದಿನ ಸಿಗುತ್ತದೆಯೇ ಅಂತ. ಮಹೀಂದ್ರದ 265, 475, 575, ಟಾಫೆಯ ಮ್ಯಾಸ್ಸಿ 1035, ಸ್ವರಾಜ್ 735 ಇವೆಲ್ಲ ದಶಕಗಟ್ಟಲೆ ಹೆಚ್ಚು ಬದಲಾಗದೆ ಓಡಿದವು. ಮ್ಯಾಸ್ಸಿಯದು ಚೆನ್ನೈನ ಸಿಂಪ್ಸನ್ ಎಂಜಿನ್ನು. ಸ್ವರಾಜ್ ಎಂಜಿನ್ ಕಂಪನಿ ಕಟ್ಟಿದ್ದೇ ಕಿರ್ಲೋಸ್ಕರ್ ಜೊತೆ ಸೇರಿ, 1985ರಲ್ಲಿ. ಇಂಥವನ್ನು ಬಿಚ್ಚಿ ಜೋಡಿಸಿದ ಕೈಗಳು ಊರೂರಲ್ಲಿವೆ. ಎಚ್‌ಎಂಟಿ ನನಗೆ ಪ್ರೀತಿಯ ಗಾಡಿ, ಗಟ್ಟಿಮುಟ್ಟು. ಆದರೆ ಆ ವಿಭಾಗವನ್ನೇ ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಅದನ್ನು ಕೊಳ್ಳುವವನು ಸಾಮಾನು ಹುಡುಕುವ ತಾಳ್ಮೆಯನ್ನೂ ಕೊಳ್ಳಬೇಕು. ಇನ್ನೊಂದು ಕಡೆ, 50 ಎಚ್‌ಪಿ ಮೇಲಿನ ಗಾಡಿಗಳಿಗೆ 2023ರ ಜನವರಿಯಿಂದ ಹೊಗೆಯ ನಿಯಮ ಬಿಗಿಯಾದ ಮೇಲೆ ಅವುಗಳಿಗೆ ಕಂಪ್ಯೂಟರ್ ಹಿಡಿತದ ಇಂಜೆಕ್ಷನ್ ಬಂದಿದೆ. ಹೊಗೆ ಕಡಿಮೆಯಾಗಬೇಕು, ಅದು ಒಳ್ಳೆಯದೇ. ಆದರೆ ಕೆಟ್ಟರೆ ಹೊಲದಲ್ಲಿ ನಿಂತು ಸರಿಮಾಡುವಂಥದ್ದಲ್ಲ. ಹಳೆಯ ಯಾಂತ್ರಿಕ ಪಂಪಿನ ಗಾಡಿಗೆ ಗಾಳಿ ಹಿಡಿದರೆ ಒಂದು ಪಾನಾ ಹಿಡಿದು ಫಿಲ್ಟರಿನ ಸ್ಕ್ರೂ ಸಡಿಲಿಸಿ, ಪ್ರೈಮರ್ ಒತ್ತಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಬಿಟ್ಟರೆ ನೀನೇ ಚಾಲೂ ಮಾಡಿಕೊಳ್ಳುತ್ತೀ.

ಕಿರಿಯ: ಪಂಪೇ ಕೆಟ್ಟರೆ? ಡೀಸೆಲ್ಲಿನ ದೊಡ್ಡ ಖರ್ಚು ಅದೇ ಅಲ್ಲವೇ?

ಹಿರಿಯ: ಹೌದು, ಅದನ್ನು ಮುಚ್ಚಿಡುವುದಿಲ್ಲ. ಪಂಪು, ನೋಜಲ್ ಕೆಟ್ಟರೆ ಊರಿನ ಮೆಕ್ಯಾನಿಕ್ ಸಾಲದು, ಅದಕ್ಕೇ ಮೀಸಲಾದ ಅಂಗಡಿಗೆ ಒಯ್ಯಬೇಕು. ಆದರೆ ಪಂಪು ತಾನಾಗಿ ಕೆಡುವುದು ಅಪರೂಪ. ಹೊಲಸು ಎಣ್ಣೆ, ನೀರು, ಸೀಮೆಎಣ್ಣೆ ಬೆರಕೆ ಅದನ್ನು ಕೆಡಿಸುತ್ತವೆ. ಪಂಪಿನೊಳಗಿನ ಭಾಗಗಳಿಗೆ ಡೀಸೆಲ್ಲೇ ಜಾರುಎಣ್ಣೆ, ಸೀಮೆಎಣ್ಣೆ ಬೆರೆಸಿದರೆ ಅವು ಉಜ್ಜಿ ಸವೆಯುತ್ತವೆ. ಇಂಥದ್ದನ್ನು ಕೊಳ್ಳುವ ಮೊದಲೇ ಪತ್ತೆ ಹಚ್ಚಬಹುದು. ಮಾರುವವನಿಗೆ ಮುಂಚೆ ಹೇಳದೆ ಬೆಳಗ್ಗೆ ಹೋಗು, ಮೊದಲು ಎಂಜಿನ್ನಿನ ಮೇಲೆ ಕೈ ಇಟ್ಟು ನೋಡು. ಬೆಚ್ಚಗಿದ್ದರೆ ನಿನಗಾಗಿ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ. ತಣ್ಣಗಿದ್ದ ಎಂಜಿನ್ನು ಎಷ್ಟು ಸಲ ಸೆಲ್ಫ್ ಹೊಡೆದರೆ ಹಿಡಿಯಿತು, ಯಾವ ಹೊಗೆ ಬಂತು ಎನ್ನುವುದರಲ್ಲಿ ಅರ್ಧ ಚರಿತ್ರೆ ಇದೆ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ, ರಿಂಗು ಬೋರು ಸವೆದಿವೆ. ಭಾರ ಇಲ್ಲದೆಯೂ ಕಪ್ಪು ಹೊಗೆ ಬಂದರೆ ನೋಜಲ್ಲೋ, ಗಾಳಿ ಫಿಲ್ಟರೋ. ಬಿಳಿ ಹೊಗೆ ಕಾವೇರಿದ ಮೇಲೂ ಉಳಿದರೆ ಒಳಗೆ ನೀರು ಹೋಗುತ್ತಿರಬಹುದು. ರೇಡಿಯೇಟರ್ ಮುಚ್ಚಳ ತೆಗೆದು ಆಯಿಲಿನ ಪೊರೆ ಇದೆಯೇ ನೋಡು, ಎಂಜಿನ್ ತಣ್ಣಗಿರುವಾಗಲೇ. ಆಮೇಲೆ ಎಂಜಿನ್ ಚಾಲೂ ಇರುವಾಗ ಆಯಿಲ್ ಹಾಕುವ ಬಾಯಿ ತೆರೆ. ಅಲ್ಲಿಂದ ಹೊಗೆ ಭುಸುಭುಸು ಏಳುತ್ತಿದ್ದರೆ ಬೋರ್ ಕೆಲಸದ ಖರ್ಚನ್ನು ರೇಟಿನಿಂದ ಕಳೆ. ಇವೆಲ್ಲಕ್ಕಿಂತ ನಾನು ನಂಬುವುದು ಗಾಳಿ ಫಿಲ್ಟರಿನ ಕೆಳಗಿನ ಆಯಿಲ್ ಬಟ್ಟಲನ್ನು. ಕ್ಲಿಪ್ ಬಿಚ್ಚಿ ಅದನ್ನು ಇಳಿಸು. ಎರೆಯ ಧೂಳು ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟು ನುಣುಪು, ಅದು ಎಂಜಿನ್ನಿನೊಳಗೆ ಹೋದರೆ ಲೈನರನ್ನು ಅರೆದುಬಿಡುತ್ತದೆ. ಬಟ್ಟಲಿನಲ್ಲಿ ಆಯಿಲ್ ಗುರುತಿನ ಮಟ್ಟಕ್ಕಿದ್ದು ಬೆರಳಿಗೆ ತೆಳ್ಳಗೆ ಹತ್ತಿದರೆ ಮಾಲಕ ಗಾಡಿ ನೋಡಿಕೊಂಡಿದ್ದಾನೆ. ತಳದಲ್ಲಿ ರಾಡಿ ಗಟ್ಟಿಯಾಗಿ ಕುಳಿತು ಬೆರಳು ಇಳಿಯದಿದ್ದರೆ, ಮೇಲೆ ಎಷ್ಟು ಹೊಸ ಬಣ್ಣ ಹೊಡೆದಿದ್ದರೂ ಆ ಗಾಡಿ ಬೇಡ.

ಕಿರಿಯ: ಗಂಟೆ ಮೀಟರ್ ಕಡಿಮೆ ತೋರಿಸುವ ಗಾಡಿ ನೋಡಬೇಕೆಂದು ಎಲ್ಲರೂ ಹೇಳುತ್ತಾರೆ.

ಹಿರಿಯ: ಹಳೆಯ ಗಾಡಿಯ ಮೀಟರ್ ಎಷ್ಟೋ ಸಲ ನಿಂತಿರುತ್ತದೆ ಇಲ್ಲವೇ ಬದಲಾಗಿರುತ್ತದೆ. ಗಾಡಿ ಎಷ್ಟು ಗಂಟೆ ಓಡಿತು ಎನ್ನುವುದಕ್ಕಿಂತ ಏನು ಎಳೆಯಿತು ಎನ್ನುವುದನ್ನು ಕೇಳು. ಆಲಮಟ್ಟಿ, ನಾರಾಯಣಪುರದ ನೀರು ಹರಿದ ಮೇಲೆ ನಮ್ಮ ಸೀಮೆಗೆ ಕಬ್ಬು ಬಂತು, ಕಬ್ಬಿನ ಹಿಂದೆ ಎರಡೆರಡು ಟ್ರೇಲರ್ ಎಳೆಯುವ ಗಾಡಿಗಳು ಬಂದವು. ಹಂಗಾಮಿನಲ್ಲಿ ಹಗಲುರಾತ್ರಿ ಅತಿಭಾರ ಎಳೆದ ಗಾಡಿಯ ಎಂಜಿನ್ನು ಚೆನ್ನಾಗಿಯೇ ಕೇಳಿಸಬಹುದು, ಸವೆದಿರುವುದು ಅದರ ಹಿಂದೆ: ಕ್ಲಚ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್, ಬ್ರೇಕು. ಅದು ಸುಲಭಕ್ಕೆ ಸಿಕ್ಕುಬೀಳುತ್ತದೆ. ಹಿಚ್ಚಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆಯೇ, ಹುಕ್ಕಿನ ಸುತ್ತ ಮತ್ತೆಮತ್ತೆ ವೆಲ್ಡಿಂಗ್ ಆಗಿದೆಯೇ ನೋಡು. ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟಾಗ ಗೇರು ತಾನಾಗಿ ಹೊರಬಿದ್ದರೆ ಅಲ್ಲಿಗೇ ಮಾತು ಮುಗಿಸು. ಹೊಲದ ಗಾಡಿಗೆ ಲಿಫ್ಟೇ ಜೀವಾಳ. ಭಾರದ ನೇಗಿಲು ಎತ್ತಿಸಿ ಎಂಜಿನ್ ಬಂದ್ ಮಾಡು. ಚಹಾ ಕುಡಿದು ಬರುವಷ್ಟರಲ್ಲಿ ನೇಗಿಲು ನೆಲ ಮುಟ್ಟಿದ್ದರೆ ಹೈಡ್ರಾಲಿಕ್ ಕೆಲಸ ಇದೆ. 13.6-28 ಅಳತೆಯ ಹಿಂದಿನ ಎರಡು ಟೈರು ಬದಲಿಸಬೇಕಾದರೆ ಹತ್ತಾರು ಸಾವಿರ, ಅದನ್ನೂ ರೇಟಿನಲ್ಲಿ ಹಿಡಿ. ಯಾವ ಮಾದರಿಗೆ ನಿಜವಾಗಿ ಎಷ್ಟು ಪಿಟಿಒ ಶಕ್ತಿ, ಎಷ್ಟು ಡೀಸೆಲ್ ಎಂಬುದಕ್ಕೆ ದಲಾಲಿಯ ಮಾತು ಬೇಡ, ಮಧ್ಯಪ್ರದೇಶದ ಬುದ್ನಿಯ ಕೇಂದ್ರ ಪರೀಕ್ಷಾ ಸಂಸ್ಥೆಯ ವರದಿಗಳು ಇವೆ.

ಕಿರಿಯ: ಸೋಲಾಪುರದ ಕಡೆಯ ಗಾಡಿಗಳು ಇನ್ನೂ ಕಡಿಮೆಗೆ ಬರುತ್ತವೆ. ಇಂಡಿ ದಾಟಿದರೆ ಅದೇ ಅಲ್ಲವೇ?

ಹಿರಿಯ: ಗಾಡಿ ಹೊಳೆ ದಾಟಿ ಬರುತ್ತದೆ, ಕಾಗದ ಅಷ್ಟು ಸಲೀಸಾಗಿ ಬರುವುದಿಲ್ಲ. ಎಂಎಚ್-13 ನಂಬರಿನ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳುವುದಾದರೆ ಕೆಎ-28 ನಂಬರು ಪಡೆಯಬೇಕು. ಇದೆಲ್ಲ ಸೇರಿಸಿಯೂ ಅಗ್ಗ ಅನಿಸಿದರೆ ತರಬಹುದು. ಎಲ್ಲಿಯದಾದರೂ ಆರ್‌ಸಿಯ ತಾರೀಖು ನೋಡು: ನೋಂದಣಿ ನಡೆಯುವುದು ಹದಿನೈದು ವರ್ಷ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಟ್ರೇಲರಿಗೆ ಬೇರೆಯೇ ಆರ್‌ಸಿ ಇರುತ್ತದೆ, ಗಾಡಿಯ ಜೊತೆ ಅದೂ ಬಂತು ಅಂತ ಸಂತೋಷಪಡುವ ಮೊದಲು ಅದನ್ನು ಕೇಳು. ಚಾಸಿ ನಂಬರನ್ನು ಗಾಡಿಯ ಮೇಲೆಯೇ ಒರೆಸಿ ಓದಿ ಆರ್‌ಸಿಯ ಜೊತೆ ಹೋಲಿಸು. ಬ್ಯಾಂಕು ಇಲ್ಲವೇ ಫೈನಾನ್ಸಿನ ಸಾಲದ ನಮೂದು ಇದ್ದರೆ, ಸಾಲ ತೀರಿದೆ ಎನ್ನುವ ಬಾಯಿಮಾತು ಸಾಲದು. ಸಾಲ ಕೊಟ್ಟವರ ಸಹಿ ಇರುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ರೊಕ್ಕ ಕೊಡಬೇಡ. ಫಾರಂ 29, 30ಕ್ಕೆ ಮಾರುವವನ ಸಹಿ ಅವತ್ತೇ ಹಾಕಿಸಿಕೊಂಡು ಮೂವತ್ತು ದಿನದೊಳಗೆ ನಿನ್ನ ಹೆಸರಿಗೆ ಮಾಡಿಸು. ಖಾಲಿ ಫಾರಂ ಮೇಲೆ ಸಹಿ ಹಾಕಿಸಿಕೊಂಡು ಕೈಯಿಂದ ಕೈಗೆ ದಾಟಿದ ಗಾಡಿ ನಾಳೆ ಅಪಘಾತ ಮಾಡಿದರೆ, ವಿಮೆಯ ಕಂಪನಿ ಮೊದಲು ಕೇಳುವುದು ಆರ್‌ಸಿಯಲ್ಲಿ ಯಾರ ಹೆಸರಿದೆ ಅಂತಲೇ.

ಕಿರಿಯ: ಹಾಗಾದರೆ ನನ್ನ ಕೈಯಲ್ಲಿರುವ ಎರಡೂವರೆ ಲಕ್ಷದಲ್ಲಿ ಗಾಡಿಗೆ ಎಷ್ಟು ಇಡಲಿ?

ಹಿರಿಯ: ಎರಡು ಲಕ್ಷ. ಉಳಿದ ಐವತ್ತು ಸಾವಿರ ಮೊದಲ ವರ್ಷದ ಆಯಿಲ್, ಫಿಲ್ಟರ್, ಬ್ಯಾಟರಿ, ನೋಜಲ್ ತಪಾಸಣೆ, ವಿಮೆ, ಹೆಸರು ಬದಲಾವಣೆಗೆ. ಅದನ್ನು ಮಾರುವವನ ಎದುರು ತೋರಿಸಬೇಡ. ಕೊಳ್ಳುವುದಾದರೆ ಬೇಸಿಗೆಯಲ್ಲೇ ಕೊಳ್ಳು, ಮುಂಗಾರಿ ಮಳೆಗೆ ಇನ್ನೂ ತಿಂಗಳೊಪ್ಪತ್ತು ಇರುವಾಗ. ಒಣ ಎರೆಯಲ್ಲಿ ಎರಡು ಎಕರೆ ಪಲ್ಟಿ ಹೊಡೆದು ನೋಡಿದರೆ ಅದರಲ್ಲಿ ಏನು ಕೆಡಬೇಕೋ ಅದು ಆಗಲೇ ಕೆಡುತ್ತದೆ, ಸರಿ ಮಾಡಿಸಲು ನಿನಗೆ ಸಮಯ ಇರುತ್ತದೆ.